ಟೆಂಡರ್ ಕೈ ತಪ್ಪಿದ ಮೇಲೆ ವಕೀಲರನ್ನು ಹುಡುಕಬೇಡಿ, ಹಾಕೋ ಮೊದಲೇ ಹುಡುಕಿ

ನಮಸ್ಕಾರ. ಇವತ್ತಿನ ವಿಡಿಯೋ ಸರ್ಕಾರಿ ಟೆಂಡರ್ ಹಾಕುವವರಿಗೆ. ನೀವು ರಸ್ತೆ ಕಾಮಗಾರಿ ಮಾಡುವವರಿರಬಹುದು, ಆಸ್ಪತ್ರೆಗೆ ಉಪಕರಣ ಕೊಡುವವರಿರಬಹುದು, ಕಚೇರಿಗಳಿಗೆ ಸೆಕ್ಯುರಿಟಿ ಗಾರ್ಡ್ ಕಳಿಸುವ ಏಜೆನ್ಸಿ ಇರಬಹುದು. ಅಭ್ಯಾಸ ಮಾತ್ರ ಎಲ್ಲರದ್ದೂ ಒಂದೇ. ಪೋರ್ಟಲ್‌ನಲ್ಲಿ ನಿಮ್ಮ ಟೆಕ್ನಿಕಲ್ ಬಿಡ್, ಅಂದರೆ ಅರ್ಹತೆಯ ದಾಖಲೆಗಳ ಭಾಗ, ರಿಜೆಕ್ಟ್ ಆಗಿದೆ ಅಂತ ಕಂಡ ದಿನ ವಕೀಲರ ನಂಬರ್ ಹುಡುಕುತ್ತೀರಿ. ಅಷ್ಟೊತ್ತಿಗೆ ಅವರ ಕೈಯಲ್ಲಿ ಉಳಿದಿರುವುದು ತುಂಬಾ ಕಡಿಮೆ.

ಯಾಕೆ ಅಂತ ಹೇಳುತ್ತೇನೆ. ಟೆಂಡರ್ ಜಗಳಕ್ಕೆ ಕೋರ್ಟಿನಲ್ಲಿ ಇರುವ ಬಾಗಿಲು ಬಹಳ ಕಿರಿದು. 1994ರಲ್ಲಿ ಟಾಟಾ ಸೆಲ್ಯುಲಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ಟೆಂಡರ್ ಯಾರಿಗೆ ಕೊಟ್ಟಿರಿ ಅನ್ನುವುದನ್ನು ನಾವು ನೋಡಲ್ಲ, ಆ ತೀರ್ಮಾನಕ್ಕೆ ಹೇಗೆ ಬಂದಿರಿ ಅನ್ನುವುದನ್ನು ಮಾತ್ರ ನೋಡುತ್ತೇವೆ. 2006ರ ಜಗದೀಶ್ ಮಂಡಲ್ ಕೇಸಿನಲ್ಲಿ ಇನ್ನೂ ಬಿಡಿಸಿ ಹೇಳಿದರು. ಕೋರ್ಟ್ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ಇದರಲ್ಲಿ ದುರುದ್ದೇಶ ಇದೆಯಾ, ಅಥವಾ ಬುದ್ಧಿ ಇರುವ ಯಾವ ಅಧಿಕಾರಿಯೂ ಮಾಡದಂಥ ಮನಸ್ಸಿಗೆ ಬಂದ ಹಾಗಿನ ತೀರ್ಮಾನವಾ? ಮತ್ತೆ, ಇದರಿಂದ ಸಾರ್ವಜನಿಕರ ಹಿತಕ್ಕೆ ಪೆಟ್ಟು ಬಿದ್ದಿದೆಯಾ? "ನಮ್ಮ ರೇಟ್ ಕಡಿಮೆ ಇತ್ತು ಸಾರ್, ನಮಗೆ ಅನ್ಯಾಯ ಆಯ್ತು" ಅನ್ನುವುದು ಈ ಎರಡರಲ್ಲಿ ಯಾವುದಕ್ಕೂ ಉತ್ತರ ಅಲ್ಲ.

[ಸ್ಕ್ರೀನ್ ಮೇಲೆ: ಯಾವ ಟೆಂಡರ್‌ಗೆ ಯಾವ ಕಾನೂನು?]

ಇದನ್ನು ಬೇಗ ಮುಗಿಸುತ್ತೇನೆ. ಕರ್ನಾಟಕ ಸರ್ಕಾರದ ಇಲಾಖೆ, ನಿಗಮ, ಪಾಲಿಕೆ, ಪಂಚಾಯಿತಿ ಕರೆದ ಟೆಂಡರ್ ಆದರೆ ಕೆಟಿಪಿಪಿ ಕಾಯ್ದೆ, ಅಂದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಜೊತೆಗೆ 2000ದ ನಿಯಮಗಳು. ಕೇಂದ್ರದ ಇಲಾಖೆ ಆದರೆ 2017ರ ಜನರಲ್ ಫೈನಾನ್ಷಿಯಲ್ ರೂಲ್ಸ್. ಜೆಮ್, ಅಂದರೆ ಸರ್ಕಾರಿ ಖರೀದಿಯ ಆನ್‌ಲೈನ್ ಪೋರ್ಟಲ್‌ನಲ್ಲಿ ಕರೆದಿದ್ದರೆ ಜೆಮ್‌ನ ಷರತ್ತುಗಳು ಬೇರೆ ಸೇರಿಕೊಳ್ಳುತ್ತವೆ. ಬೆಂಗಳೂರಿನಲ್ಲೇ ಕೂತಿದ್ದರೂ ರೈಲ್ವೆ ಟೆಂಡರ್‌ಗೆ ಕೆಟಿಪಿಪಿ ಅನ್ವಯಿಸುವುದಿಲ್ಲ. ವಕೀಲರ ಹತ್ತಿರ ಹೋದಾಗ ಅವರು ಕೇಳುವ ಮೊದಲ ಪ್ರಶ್ನೆ ಇದೇ. ಕೇಳದಿದ್ದರೆ ನೀವೇ ಕೇಳಿ. ಅವರು ತಡವರಿಸಿದರೆ ಬೇರೆ ವಕೀಲರನ್ನು ನೋಡಿ.

ಈಗ ಮುಖ್ಯ ವಿಷಯ. ಬಿಡ್ ಹಾಕುವ ಮೊದಲು ವಕೀಲರು ಏನು ಮಾಡಬಲ್ಲರು?

ಟೆಂಡರ್ ಡಾಕ್ಯುಮೆಂಟ್ ನೂರಾರು ಪುಟ ಇರುತ್ತದೆ. ನಮ್ಮಲ್ಲಿ ಅದನ್ನು ಓದುವುದು ಯಾರು? ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ, ಇಟ್ಟುಕೊಂಡು ಅಪ್‌ಲೋಡ್ ಮಾಡುವ ಹುಡುಗ. ಅವನು ಅರ್ಹತೆಯ ಪುಟ ನೋಡುತ್ತಾನೆ, ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಎಷ್ಟು ನೋಡುತ್ತಾನೆ, ಕೊನೆಯ ದಿನಾಂಕ ನೋಡುತ್ತಾನೆ, ಅಷ್ಟೇ. ಅವನನ್ನು ಬೈಯಬೇಡಿ, ಅವನ ಕೆಲಸ ಅದಲ್ಲ. ಆದರೆ ಆಮೇಲೆ ಕುತ್ತಿಗೆಗೆ ಬರುವ ಷರತ್ತುಗಳೆಲ್ಲ ಉಳಿದ ಪುಟಗಳಲ್ಲಿ ಇರುತ್ತವೆ.

ಒಬ್ಬರಿಗೋಸ್ಕರವೇ ಬರೆದ ಹಾಗಿರುವ ಷರತ್ತುಗಳನ್ನು ನೀವೆಲ್ಲ ನೋಡಿರುತ್ತೀರಿ ಅಲ್ವಾ? ಡಾಂಬರು ಮಿಕ್ಸಿಂಗ್ ಪ್ಲಾಂಟ್ ಇಂತಿಷ್ಟು ಕಿಲೋಮೀಟರ್ ಒಳಗೇ ಇರಬೇಕು, ಇದೇ ಇಲಾಖೆಯಲ್ಲೇ ಹಿಂದೆ ಕೆಲಸ ಮಾಡಿರಬೇಕು, ಹೀಗೆ. ಕೆಲವಕ್ಕೆ ನಿಜವಾದ ಕಾರಣ ಇರುತ್ತದೆ, ಡಾಂಬರು ದಾರಿಯಲ್ಲೇ ತಣ್ಣಗಾದರೆ ರಸ್ತೆ ನಿಲ್ಲುವುದಿಲ್ಲ. ಕೆಲವಕ್ಕೆ ಏನೂ ಇರುವುದಿಲ್ಲ. ಎಂಥದ್ದೇ ಇರಲಿ, ಆಕ್ಷೇಪಣೆ ಎತ್ತುವ ಸಮಯ ಪ್ರೀ-ಬಿಡ್ ಮೀಟಿಂಗ್, ಅಂದರೆ ಬಿಡ್ ಹಾಕುವ ಮೊದಲು ಇಲಾಖೆ ಕರೆಯುವ ಸಭೆ. ಷರತ್ತು ಒಪ್ಪಿ ಟೆಂಡರ್ ಹಾಕಿ, ಸೋತ ಮೇಲೆ ಬಂದು ಷರತ್ತೇ ಸರಿ ಇರಲಿಲ್ಲ ಅಂದರೆ ಕೋರ್ಟ್ ಸಾಮಾನ್ಯವಾಗಿ ಕೇಳುವುದೇ ಇಲ್ಲ. "ಗೊತ್ತಿದ್ದೇ ಆಟಕ್ಕೆ ಇಳಿದಿರಲ್ಲ" ಅನ್ನುತ್ತದೆ.

ಮೀಟಿಂಗ್‌ನಲ್ಲಿ ಬಾಯಲ್ಲಿ ಹೇಳಿ ಬಂದರೆ ದಾಖಲೆ ಇರುವುದಿಲ್ಲ. ಬರವಣಿಗೆಯಲ್ಲಿ ಕೊಡಿ. ಅದರಲ್ಲೂ ಹೇಗೆ ಬರೆಯುತ್ತೀರಿ ಅನ್ನುವುದು ಮುಖ್ಯ. ನೋಡಿ.

[ಸ್ಕ್ರೀನ್ ಮೇಲೆ, ಎಡಗಡೆ: "ಷರತ್ತು 4.3 ತುಂಬಾ ಕಠಿಣವಾಗಿದೆ, ದಯವಿಟ್ಟು ಸಡಿಲಿಸಿ."]

[ಬಲಗಡೆ: "ಷರತ್ತು 4.3ರಲ್ಲಿ ಇದೇ ಇಲಾಖೆಯ ಅನುಭವ ಕೇಳಲಾಗಿದೆ. ಇದೇ ಬಗೆಯ ಕೆಲಸವನ್ನು ಬೇರೆ ಸರ್ಕಾರಿ ಇಲಾಖೆಯಲ್ಲಿ ಮಾಡಿದವರನ್ನು ಹೊರಗಿಡಲು ಕಾರಣ ತಿಳಿಸಬೇಕು. 'ಯಾವುದೇ ಸರ್ಕಾರಿ ಇಲಾಖೆ' ಎಂದು ತಿದ್ದುಪಡಿ ಪ್ರಕಟಿಸಬೇಕು."]

ಎಡಗಡೆಯದ್ದು ಬೇಡಿಕೊಳ್ಳುವ ಪತ್ರ. ಅಧಿಕಾರಿ ಅದನ್ನು ಫೈಲಿಗೆ ಹಾಕಿ ಮರೆಯುತ್ತಾರೆ. ಬಲಗಡೆಯದ್ದು ಕಾರಣ ಕೇಳುತ್ತದೆ, ಪರಿಹಾರವನ್ನೂ ಹೇಳುತ್ತದೆ. ಉತ್ತರ ಕೊಟ್ಟರೆ ಒಳ್ಳೆಯದು, ಕೊಡದಿದ್ದರೆ ಇನ್ನೂ ಒಳ್ಳೆಯದು, ಯಾಕಂದರೆ ನಾಳೆ ಹೈಕೋರ್ಟಿನಲ್ಲಿ ನಿಮ್ಮ ವಕೀಲರು ಮೊದಲು ತೋರಿಸುವ ಕಾಗದವೇ ಅದು. ಇಂಥ ಒಂದು ಪುಟ ಬರೆಸಿಕೊಳ್ಳುವುದಕ್ಕೆ ಆಗುವ ಖರ್ಚು ರಿಟ್ ಅರ್ಜಿ ಹಾಕಿ ನಡೆಸುವ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಆಮೇಲೆ ಕಾಗದಗಳು. ಇಲ್ಲಿ ಎರಡು ಕೇಸು ಹೇಳಲೇಬೇಕು.

ಒಂದು, ಸೆಂಟ್ರಲ್ ಕೋಲ್‌ಫೀಲ್ಡ್ಸ್ ಕೇಸು, 2016ರದ್ದು. ಬಿಡ್ ಹಾಕಿದ ಜಂಟಿ ಸಂಸ್ಥೆ ಬ್ಯಾಂಕ್ ಗ್ಯಾರಂಟಿ ಕೊಟ್ಟಿತ್ತು. ಆದರೆ ಟೆಂಡರ್ ಹೇಳಿದ್ದ ನಮೂನೆಯಲ್ಲಿ ಅದು ಇರಲಿಲ್ಲ. ಅದಕ್ಕೆ ಬಿಡ್ ತಿರಸ್ಕಾರ ಆಯಿತು. ಹೈಕೋರ್ಟ್ ಜಂಟಿ ಸಂಸ್ಥೆಯ ಪರ ನಿಂತಿತು, ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು: ನಮೂನೆ ಇದೇ ಇರಬೇಕು ಅಂತ ಟೆಂಡರ್ ಕರೆದವರು ಹೇಳಿದ್ದರೆ ಅದೇ ಇರಬೇಕು, ಅದು ಮುಖ್ಯವೋ ಅಲ್ಲವೋ ಅಂತ ತೀರ್ಮಾನಿಸುವುದು ಕೋರ್ಟಿನ ಕೆಲಸ ಅಲ್ಲ. ನಮ್ಮ ಬ್ಯಾಂಕುಗಳಿಗೆ ತಮ್ಮದೇ ನಮೂನೆಯಲ್ಲಿ ಗ್ಯಾರಂಟಿ ಕೊಡುವ ಚಾಳಿ ಇದೆ. "ಎಲ್ಲರಿಗೂ ಇದೇ ಕೊಡೋದು ಸಾರ್" ಅನ್ನುತ್ತಾರೆ. ಒಪ್ಪಬೇಡಿ. ಟೆಂಡರ್‌ನ ಅನುಬಂಧವನ್ನು ಪ್ರಿಂಟ್ ಹಾಕಿ ಮ್ಯಾನೇಜರ್ ಮುಂದೆ ಇಡಿ, ಸಾಲಿಗೆ ಸಾಲು ಹೋಲಿಸಿ ನೋಡಿ, ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರ್ ಹಿಡಿದು ಎಣಿಸಿ.

ಇನ್ನೊಂದು 2025ರದ್ದು, ಪಶ್ಚಿಮ ಬಂಗಾಳದ ಟೋಲ್ ಟೆಂಡರ್. ಮೂರು ವರ್ಷ, ಅಂದರೆ 1095 ದಿನ ಟೋಲ್ ವಸೂಲಿಗೆ ಒಟ್ಟು ಎಷ್ಟು ಕೊಡುತ್ತೀರಿ ಅಂತ ಕೇಳಿದ್ದರು. ಒಬ್ಬರು 9,72,999 ರೂಪಾಯಿ ಅಂತ ಬರೆದರು. ಅದು ಒಂದು ದಿನದ ಲೆಕ್ಕ. ಬಿಡ್ ತೆರೆದ ಮೇಲೆ "ಅಯ್ಯೋ, ಅದು ದಿನಕ್ಕೆ, ಒಟ್ಟು 106 ಕೋಟಿ ಚಿಲ್ಲರೆ" ಅಂದರು. ಸರ್ಕಾರಕ್ಕೂ ಅದರಿಂದ ಲಾಭವೇ ಇತ್ತು, ಹೈಕೋರ್ಟ್ ಕೂಡ ತಿದ್ದಿಕೊಳ್ಳಲು ಬಿಟ್ಟಿತ್ತು. ಸುಪ್ರೀಂ ಕೋರ್ಟ್ ಆಗಲ್ಲ ಅಂದಿತು. ಬೇರೆಯವರ ರೇಟ್ ಗೊತ್ತಾದ ಮೇಲೆ ಹಣದ ಬಿಡ್ ತಿದ್ದಲು ಬಿಟ್ಟರೆ ಟೆಂಡರ್‌ಗೆ ಅರ್ಥವೇ ಇರುವುದಿಲ್ಲ. ನನಗೂ ಆ ತೀರ್ಪು ಸರಿ ಅನಿಸುತ್ತದೆ, ಕಂಪನಿಯ ಬಗ್ಗೆ ಪಾಪ ಅನಿಸಿದರೂ.

ಸಣ್ಣ ಉದ್ಯಮಗಳಿಗೆ ಒಂದು ಮಾತು. ಕೇಂದ್ರದ ಟೆಂಡರ್‌ಗಳಲ್ಲಿ 2012ರ ಖರೀದಿ ನೀತಿಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಇಎಂಡಿ ವಿನಾಯಿತಿ ಇದೆ, ನಿಮ್ಮ ರೇಟ್ ಎಲ್-1, ಅಂದರೆ ಅತಿ ಕಡಿಮೆ ರೇಟಿನ ಮೇಲೆ ಶೇ. 15ರ ಒಳಗೆ ಇದ್ದರೆ ಎಲ್-1 ರೇಟಿಗೆ ಇಳಿದು ಒಂದು ಪಾಲು ಪಡೆಯುವ ಅವಕಾಶವೂ ಇದೆ. ಆದರೆ ಕೊಂಡು ಮಾರುವ ಟ್ರೇಡರ್‌ಗಳಿಗೆ ಇದು ಸಿಗುವುದಿಲ್ಲ. ಉದ್ಯಮ್ ಸರ್ಟಿಫಿಕೇಟ್ ಇದೆ ಅನ್ನುವ ಧೈರ್ಯದಲ್ಲಿ ಇಎಂಡಿ ಕಟ್ಟದೆ ಹಾಕಬೇಡಿ, ಮೊದಲು ಕೇಳಿಕೊಳ್ಳಿ.

[ಸ್ಕ್ರೀನ್ ಮೇಲೆ: ರಿಜೆಕ್ಟ್ ಆಯಿತು. ಈಗೇನು?]

ಸರಿ, ಎಲ್ಲ ಸರಿಯಾಗಿ ಮಾಡಿದಿರಿ, ಆದರೂ ಹೊರಗೆ ಹಾಕಿದರು. ಅವತ್ತೇ ಮಾಡಬೇಕಾದ ಕೆಲಸ ಅಂದರೆ ಪೋರ್ಟಲ್‌ನಲ್ಲಿ ಕಾಣುವ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಡುವುದು, ಕಾರಣ ಕೊಡಿ ಅಂತ ಲಿಖಿತವಾಗಿ ಕೇಳುವುದು. ಮಾಹಿತಿ ಹಕ್ಕು ಅರ್ಜಿ ಹಾಕಿ, ಬೇಡ ಅನ್ನಲ್ಲ, ಆದರೆ ಅದಕ್ಕೆ ಉತ್ತರ ಕೊಡಲು 30 ದಿನ ಇದೆ. ಅದನ್ನೇ ನಂಬಿ ಕೂತರೆ ಅಷ್ಟರಲ್ಲಿ ಗೆದ್ದವರು ವರ್ಕ್ ಆರ್ಡರ್ ತಗೊಂಡು ಜೆಸಿಬಿ ಇಳಿಸಿರುತ್ತಾರೆ.

ಕೆಟಿಪಿಪಿ ಟೆಂಡರ್ ಆದರೆ 16ನೇ ಕಲಂ ನಿಮ್ಮದು. ಟೆಂಡರ್ ಅಂಗೀಕಾರ ಪ್ರಾಧಿಕಾರದ ಆದೇಶದ ಮೇಲೆ, ಅದು ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಇದನ್ನು ಬಿಟ್ಟು ನೇರ ಹೈಕೋರ್ಟಿಗೆ ಓಡಿದರೆ "ಮೇಲ್ಮನವಿ ಇದೆಯಲ್ಲ, ಅಲ್ಲಿಗೆ ಹೋಗಿ" ಅಂತ ವಾಪಸ್ ಕಳಿಸುವ ಸಾಧ್ಯತೆ ಜಾಸ್ತಿ. ಹಾಗಂತ 29ನೇ ದಿನದವರೆಗೂ ಕಾಯಬೇಡಿ. ಮೊದಲ ವಾರದಲ್ಲೇ ಹಾಕಿ, ತಡೆಯಾಜ್ಞೆಯನ್ನೂ ಕೇಳಿ.

ಹೈಕೋರ್ಟಿಗೆ ಹೋಗುವುದೇ ಆದರೆ ಸಂವಿಧಾನದ 226ನೇ ವಿಧಿಯ ರಿಟ್. ಬೆಂಗಳೂರು, ಧಾರವಾಡ, ಕಲಬುರಗಿ, ಕೆಲಸ ಇರುವ ಜಿಲ್ಲೆ ಯಾವ ಪೀಠಕ್ಕೆ ಬರುತ್ತದೋ ಅಲ್ಲಿ. ಇಲ್ಲಿ ಒಂದು ಕಹಿ ಸತ್ಯ ಹೇಳಬೇಕು. 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೆ ಹೇಳಿದ್ದು ಏನಂದರೆ, ಟೆಂಡರ್ ಕೊಟ್ಟಿದ್ದರಲ್ಲಿ ತಪ್ಪು ಕಂಡರೂ ಮೂಲಸೌಕರ್ಯದ ಕೆಲಸ ನಿಲ್ಲಿಸಬೇಡಿ, ಸೋತವರು ಪರಿಹಾರದ ಹಣ ಕೇಳಲಿ. ತಡೆಯಾಜ್ಞೆ ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡುವ ವಕೀಲರು ಈ ತೀರ್ಪು ಓದಿಲ್ಲ, ಇಲ್ಲವೇ ಓದಿ ನಿಮಗೆ ಹೇಳುತ್ತಿಲ್ಲ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೋಲ್ಕತ್ತಾದ ಅಂಡರ್‌ಪಾಸ್ ನಿರ್ವಹಣೆಯ ಟೆಂಡರ್ ಒಬ್ಬರಿಗೆ ಕೊಟ್ಟು, ಆಮೇಲೆ ಟೆಂಡರ್‌ನಲ್ಲೇ ತಾಂತ್ರಿಕ ದೋಷ ಇತ್ತು ಅಂತ ರದ್ದು ಮಾಡಿದ್ದರು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನೇ ರದ್ದು ಮಾಡಿತು. ಸುಬೋಧ್ ಕುಮಾರ್ ಸಿಂಗ್ ರಾಥೋರ್ ಕೇಸು. ಕಾರಣ ಇಲ್ಲದೆ ಕೈಕೊಡುವ ಅಧಿಕಾರಿಗಳ ಎದುರು ಈಗ ವಕೀಲರು ಹಿಡಿಯುವ ತೀರ್ಪು ಇದು.

ಗೆದ್ದವರಿಗೂ ಒಂದು ಕೆಲಸ ಇದೆ. ಎಲ್-1 ಅಂತ ಗೊತ್ತಾದ ಕೂಡಲೇ, ಎದುರಾಳಿ ಗಲಾಟೆ ಮಾಡುವ ಪೈಕಿ ಅನಿಸಿದರೆ, ಹೈಕೋರ್ಟಿನಲ್ಲಿ ಕೇವಿಯಟ್ ಹಾಕಿಸಿ. 90 ದಿನ ನಡೆಯುತ್ತದೆ. ನಿಮ್ಮ ಮಾತು ಕೇಳದೆ ಏಕಪಕ್ಷೀಯ ತಡೆ ಬರುವುದನ್ನು ತಪ್ಪಿಸಲು ಇಷ್ಟು ಅಗ್ಗದ ದಾರಿ ಬೇರೆ ಇಲ್ಲ.

[ಸ್ಕ್ರೀನ್ ಮೇಲೆ: ಕಪ್ಪುಪಟ್ಟಿ]

ಇಷ್ಟು ಹೊತ್ತು ಕೋರ್ಟ್ ಕೈ ಹಾಕಲ್ಲ ಅಂತ ಹೇಳಿದೆ. ಬ್ಲ್ಯಾಕ್‌ಲಿಸ್ಟ್ ವಿಷಯಕ್ಕೆ ಬಂದರೆ ಇದೇ ಕೋರ್ಟ್ ತುಂಬಾ ಖಡಕ್ಕು. ಒಂದು ಟೆಂಡರ್ ಹೋದರೆ ಒಂದು ಕೆಲಸ ಹೋಯಿತು ಅಷ್ಟೇ, ಕಪ್ಪುಪಟ್ಟಿಗೆ ಸೇರಿದರೆ ಬೇರೆ ಇಲಾಖೆಗಳ ಬಾಗಿಲೂ ಮುಚ್ಚುತ್ತದೆ. ಯುಎಂಸಿ ಟೆಕ್ನಾಲಜೀಸ್ ಅನ್ನುವ ಕಂಪನಿ ಭಾರತೀಯ ಆಹಾರ ನಿಗಮಕ್ಕೆ ನೇಮಕಾತಿ ಪರೀಕ್ಷೆ ನಡೆಸಿಕೊಡುತ್ತಿತ್ತು. ಪ್ರಶ್ನೆಪತ್ರಿಕೆ ಸೋರಿಕೆ ಆರೋಪ ಬಂತು, ನೋಟಿಸ್ ಬಂತು, ಕೊನೆಗೆ ಐದು ವರ್ಷ ನಿಷೇಧ. 2020ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಕಿತ್ತು ಹಾಕಿತು. ಯಾಕೆ ಗೊತ್ತಾ? ನೋಟಿಸಿನಲ್ಲಿ 'ನಿಮ್ಮನ್ನು ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವಿದೆ' ಅನ್ನುವ ಮಾತು ಸ್ಪಷ್ಟವಾಗಿ ಇರಲೇ ಇಲ್ಲ.

ಹಾಗಾಗಿ ಶೋಕಾಸ್ ನೋಟಿಸ್ ಬಂದರೆ ದಯವಿಟ್ಟು ನಿಮ್ಮ ಆಫೀಸಿನಲ್ಲೇ ಕೂತು "ತಪ್ಪಾಗಿದೆ, ಕ್ಷಮಿಸಿ, ಇನ್ನು ಮುಂದೆ ಹೀಗಾಗದ ಹಾಗೆ ನೋಡಿಕೊಳ್ಳುತ್ತೇವೆ" ಅಂತ ಬರೆದು ಕಳಿಸಬೇಡಿ. ಸಾಹೇಬರು ತಣ್ಣಗಾಗಲಿ ಅಂತ ಬರೆದ ಆ ಎರಡು ಸಾಲು ಆಮೇಲೆ ನಿಮ್ಮದೇ ತಪ್ಪೊಪ್ಪಿಗೆ ಆಗಿ ಕೂರುತ್ತದೆ. ನೋಟಿಸಿನ ಉತ್ತರ ಮಾತ್ರ ವಕೀಲರೇ ಬರೆಯಲಿ. ಉಳಿದ ಎಲ್ಲದರಲ್ಲೂ ಜಿಪುಣತನ ಮಾಡಿ, ಇದರಲ್ಲಿ ಬೇಡ.

ಇನ್ನು 'ಸಪೋರ್ಟ್ ಬಿಡ್'. ಸ್ನೇಹಿತರ ಕಂಪನಿಗೆ ಜೊತೆಗಿರಲಿ ಅಂತ ಸುಮ್ನೆ ಜಾಸ್ತಿ ರೇಟ್ ಹಾಕಿ ಒಂದು ಬಿಡ್ ಕೊಡುವುದು. ಎಲ್ಲರೂ ಮಾಡುತ್ತಾರೆ ಅನ್ನುತ್ತಾರೆ. ಸ್ಪರ್ಧಾ ಕಾಯ್ದೆಯ 3ನೇ ಕಲಂನಲ್ಲಿ ಇದು ಬಿಡ್ ರಿಗ್ಗಿಂಗ್, ದಂಡ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ. 10ರವರೆಗೂ ಹೋಗಬಹುದು. ಒಂದೇ ಕಂಪ್ಯೂಟರ್‌ನಿಂದ ಎರಡು ಬಿಡ್ ಹೋದರೆ ಐಪಿ ವಿಳಾಸವೇ ಸಾಕ್ಷಿ. ಇದಕ್ಕೆ ಯಾವ ವಕೀಲರೂ ಮೊದಲೇ ಮದ್ದು ಕೊಡಲಾರರು.

ಗೆದ್ದಿರಿ, ಕರಾರಿಗೆ ಸಹಿ ಹಾಕಬೇಕು. ಇಲ್ಲಿ ಆರ್ಬಿಟ್ರೇಷನ್, ಅಂದರೆ ಜಗಳವನ್ನು ಕೋರ್ಟಿನ ಹೊರಗೆ ಪಂಚರೇ ತೀರ್ಮಾನಿಸುವ ಷರತ್ತು ಇದೆಯಾ ನೋಡಿ. ಇಲಾಖೆಯೇ ಒಬ್ಬಂಟಿಯಾಗಿ ಪಂಚರನ್ನು ನೇಮಿಸುತ್ತದೆ ಅಂತ ಬರೆದಿದ್ದರೆ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಂಥ ಷರತ್ತು ಸಮಾನತೆಯ ಹಕ್ಕಿಗೆ ವಿರುದ್ಧ ಅಂದಿದೆ. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ 10 ಕೋಟಿಗಿಂತ ಕಡಿಮೆ ಮೊತ್ತದ ವಿವಾದಗಳಿಗೆ ಮಾತ್ರ ಆರ್ಬಿಟ್ರೇಷನ್ ಇಟ್ಟುಕೊಳ್ಳಿ ಅಂತ ಮಾರ್ಗಸೂಚಿ ಹೊರಡಿಸಿದೆ. ದೊಡ್ಡ ಕೆಲಸ ಆದರೆ ಜಗಳ ಸಿವಿಲ್ ಕೋರ್ಟಿಗೆ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ, ಆ ವಿಳಂಬವನ್ನು ನಿಮ್ಮ ರೇಟಿನಲ್ಲೇ ಸೇರಿಸಿ.

ಫೀಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಗೆದ್ದರೆ ಇಷ್ಟು ಪರ್ಸೆಂಟ್ ಕೊಡುತ್ತೇನೆ ಅನ್ನುವ ಮಾತು ಆಡಬೇಡಿ, ವಕೀಲರ ವೃತ್ತಿ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಡಾಕ್ಯುಮೆಂಟ್ ಓದಿ ಅಭಿಪ್ರಾಯ ಕೊಡಲು ಎಷ್ಟು, ಪ್ರೀ-ಬಿಡ್ ಪತ್ರಕ್ಕೆ ಎಷ್ಟು, ಮೇಲ್ಮನವಿಗೆ ಎಷ್ಟು ಅಂತ ಬಿಡಿಬಿಡಿಯಾಗಿ ಕೇಳಿ, ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಮೊದಲ ಸಲ ಹೋಗುವಾಗ ಪೂರ್ತಿ ಟೆಂಡರ್ ಡಾಕ್ಯುಮೆಂಟ್, ಆಮೇಲೆ ಬಂದ ಎಲ್ಲ ತಿದ್ದುಪಡಿ, ಅಂದರೆ ಕಾರಿಜೆಂಡಮ್, ನೀವು ಅಪ್‌ಲೋಡ್ ಮಾಡಿದ್ದರ ಅಕ್ನಾಲೆಜ್‌ಮೆಂಟ್, ದಿನಾಂಕಗಳ ಒಂದು ಪಟ್ಟಿ, ಇಷ್ಟನ್ನು ಒಂದೇ ಫೋಲ್ಡರ್‌ನಲ್ಲಿ ತಗೊಂಡು ಹೋಗಿ.

ಕೆಲಸ ಮುಗಿದ ಮೇಲೂ ಬಿಲ್ ಬರದೆ ಓಡಾಡಿಸುವ ಕಥೆ ಬೇರೆಯೇ ಇದೆ. 45 ದಿನದ ನಿಯಮ, ಬಡ್ಡಿ, ಫೆಸಿಲಿಟೇಶನ್ ಕೌನ್ಸಿಲ್, ಇವೆಲ್ಲ ಮುಂದಿನ ವಿಡಿಯೋದಲ್ಲಿ. ನಿಮ್ಮ ಬಿಲ್ ಎಷ್ಟು ತಿಂಗಳಿಂದ ಬಾಕಿ ಇದೆ ಅಂತ ಕೆಳಗೆ ಬರೆಯಿರಿ, ಇಲಾಖೆಯ ಹೆಸರು ಬೇಡ.