ಗೆಂಡೆ ಮೀನಿನ ಬೆನ್ನಲ್ಲೊಂದು ಗರಗಸ: ತೂಗೋ ಜೋಲಿ ಹೇಗಿರಬೇಕು?

[ದೃಶ್ಯ: ಮೇಜಿನ ಮೇಲೆ ಎರಡು ಜೋಲಿ. ಒಂದರಿಂದ ನೀರು ತೊಟ್ಟಿಕ್ಕುತ್ತಿದೆ.]

ನಮಸ್ಕಾರ. ಗಾಳಕ್ಕೆ ಸಿಕ್ಕ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವವರು, ಅದನ್ನು ಮಲಗಿಸಿ ತಕ್ಕಡಿಗೆ ನೇತುಹಾಕುವ ತೊಟ್ಟಿಲಿನಂಥ ಚೀಲವೇ ಈ ಜೋಲಿ. ಅದರ ಬಗ್ಗೆ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. "ಒಂದೇ ಗೆಂಡೆ ಮೀನನ್ನ ಎರಡು ಜೋಲಿಯಲ್ಲಿ ತೂಗಿದೆ. ಅರ್ಧ ಕಿಲೋ ವ್ಯತ್ಯಾಸ ಬಂತು. ತಕ್ಕಡಿ ಕೆಟ್ಟಿದೆಯಾ?"

ಬಹುಶಃ ತಕ್ಕಡಿ ಸರಿಯಾಗೇ ಇದೆ, ನೀವು ನೀರನ್ನೂ ಸೇರಿಸಿ ತೂಗಿದ್ದೀರಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಜಾಲರಿ ಇಲ್ಲದ ಜೋಲಿಯ ತಳದಲ್ಲಿ ಅರ್ಧ ಲೀಟರ್ ನಿಂತರೆ ಸಾಕು, ಅರ್ಧ ಕಿಲೋ ಜಾಸ್ತಿ ತೋರಿಸುತ್ತದೆ. ಹಾಗಾಗಿ ಜೋಲಿಯನ್ನು ಮೊದಲು ಪೂರ್ತಿ ನೆನೆಸಿ. ನೀರು ಬಸಿಯಲಿ. ಆಮೇಲೆ ತಕ್ಕಡಿಗೆ ತೂಗುಹಾಕಿ ಮುಳ್ಳನ್ನು ಸೊನ್ನೆಗೆ ತನ್ನಿ. ಮೀನಿನ ಸರದಿ ಅದಾದ ಮೇಲೆ. ಒಣ ಜೋಲಿಯಲ್ಲಿ ಸೊನ್ನೆ ಮಾಡಿ ಒದ್ದೆ ಜೋಲಿಯಲ್ಲಿ ತೂಗಿದರೆ ಲೆಕ್ಕ ತಪ್ಪೇ ತಪ್ಪುತ್ತದೆ.

ಪ್ರಶ್ನೆಗೆ ಉತ್ತರ ಅಷ್ಟೇ. ಆದರೆ ಜೋಲಿಗಳನ್ನು ನೋಡುತ್ತಾ ಕೂತಾಗ ನನಗೆ ಇನ್ನೊಂದು ಪ್ರಶ್ನೆ ಹುಟ್ಟಿತು. ಮೀನಿಗೆ ಯಾವುದು ಒಳ್ಳೆಯದು?

[ದೃಶ್ಯ: ಗೆಂಡೆಯ ಬೆನ್ನಿನ ಈಜುರೆಕ್ಕೆ, ತೀರಾ ಹತ್ತಿರದಿಂದ]

ಇಲ್ಲಿ ನೋಡಿ. ಬೆನ್ನಿನ ರೆಕ್ಕೆಯ ಮುಂದುಗಡೆ ಗಟ್ಟಿಯಾದ ಒಂದು ಮುಳ್ಳಿದೆ. ಅದರ ಹಿಂದಿನ ಅಂಚು ಕಾಣಿಸ್ತಿದೆಯಾ? ಸಣ್ಣ ಸಣ್ಣ ಹಲ್ಲು. ಅಚ್ಚುಕಟ್ಟಾದ ಗರಗಸ! ಹೊಟ್ಟೆಯ ಕೆಳಗೆ, ಬಾಲದ ಹತ್ತಿರದ ರೆಕ್ಕೆಯಲ್ಲೂ ಇಂಥದ್ದೇ ಇನ್ನೊಂದಿದೆ. ಇದನ್ನು ಮೊದಲ ಸಲ ನೋಡಿದಾಗ ನಾನು ಎಷ್ಟೋ ಹೊತ್ತು ಮೀನಿನ ಚಿತ್ರಗಳನ್ನೇ ತಿರುವಿಹಾಕಿದ್ದೆ.

ಈಗ ಈ ಗರಗಸವನ್ನು ದೊಡ್ಡ ಕಣ್ಣಿನ, ಗಂಟು ಗಂಟಾದ ನೈಲಾನ್ ಬಲೆಯೊಳಗೆ ಹಾಕಿ. ಮುಳ್ಳು ಕಣ್ಣಿನೊಳಗೆ ಸಲೀಸಾಗಿ ತೂರುತ್ತದೆ. ವಾಪಸ್ ಎಳೆದಾಗ ಹಲ್ಲು ಕಚ್ಚಿಕೊಳ್ಳುತ್ತದೆ. ಜಾಲಿ ಮುಳ್ಳಿಗೆ ಸಿಕ್ಕ ಸೀರೆ ಸೆರಗಿನ ಹಾಗೆ. ಮೀನು ಒದ್ದಾಡುತ್ತದೆ, ನಾವು ಗಾಬರಿಯಲ್ಲಿ ಜಗ್ಗುತ್ತೇವೆ, ರೆಕ್ಕೆ ಸೀಳುತ್ತದೆ. ಆದ್ದರಿಂದ ಜೋಲಿಯ ಒಳಮೈ ನುಣುಪಾದ, ಮೆತ್ತನೆ ಬಟ್ಟೆಯದ್ದಾಗಿರಬೇಕು. ನೀರು ಬಸಿಯೋಕೆ ಜಾಲರಿ ಬೇಕೇ ಬೇಕು. ಆದರೆ ಅದು ಗಂಟಿಲ್ಲದ್ದು, ತುಂಬಾ ಸಣ್ಣ ಕಣ್ಣಿನದ್ದು ಇರಲಿ. ಅಂಗಡಿಯಲ್ಲಿ ಬಣ್ಣ ಆಮೇಲೆ ನೋಡಿ. ಮೊದಲು ಒಳಗೆ ಕೈ ಹಾಕಿ, ಬೆರಳ ಹಿಂಬದಿಯಿಂದ ಸವರಿ. ಚುಚ್ಚಿದರೆ, ತರಿ ತರಿ ಅನ್ನಿಸಿದರೆ ಅಲ್ಲೇ ಬಿಟ್ಟುಬನ್ನಿ. ಜಿಪ್ಪಿನ ಹಲ್ಲು ಒಳಗಡೆ ತೆರೆದುಕೊಂಡಿದ್ದರೂ ಅಷ್ಟೇ.

ಇನ್ನು ಲೋಳೆ. ಕೈಗೆ ಅಂಟುತ್ತೆ, ವಾಸನೆ ಅಂತ ನಾವು ಮುಖ ಸಿಂಡರಿಸ್ತೀವಿ. ಮೀನಿಗೆ ಅದೇ ಕವಚ. ರೋಗಾಣುಗಳನ್ನು ಕೊಲ್ಲುವ ಕಿಣ್ವಗಳು ಅದರಲ್ಲಿವೆ. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಉಪ್ಪು ಜಾಸ್ತಿ. ಹಾಗಾಗಿ ನೀರು ಸದಾ ಒಳಗೆ ನುಗ್ಗೋಕೆ ನೋಡುತ್ತದೆ. ಅದನ್ನು ತಡೆಯುವುದರಲ್ಲಿ ಚರ್ಮದ ಜೊತೆ ಈ ಲೋಳೆಗೂ ಪಾಲಿದೆ. ಒಣ ಬಟ್ಟೆ, ಒಣ ಕೈ, ಬಿಸಿಲಿಗೆ ಕಾದ ಕಪ್ಪು ಜೋಲಿ, ಮೂರೂ ಅದನ್ನು ಕಿತ್ತುಹಾಕುತ್ತವೆ. ಮೊದಲೇ ನೆನೆಸಿ ಅಂದಿದ್ದು ತೂಕಕ್ಕೆ ಮಾತ್ರ ಅಲ್ಲ, ಇದಕ್ಕೂ.

[ದೃಶ್ಯ: ಜೋಲಿಯ ಎರಡೂ ಅಂಚಿನ ಕಡ್ಡಿಗಳು]

ಅಳತೆ ವಿಷಯಕ್ಕೆ ಬರೋಣ. ನೀರೊಳಗೆ ಗೆಂಡೆಗೆ ತನ್ನ ಭಾರವೇ ಗೊತ್ತಿಲ್ಲ. ಹೊಟ್ಟೆಯೊಳಗಿನ ಗಾಳಿಚೀಲ ಅದನ್ನು ತೇಲಿಸಿಕೊಂಡಿರುತ್ತದೆ. ಹತ್ತು ಕಿಲೋ ಮೀನನ್ನು ಮೇಲೆತ್ತಿದ ಕ್ಷಣ ಹತ್ತೂ ಕಿಲೋ ಭಾರವನ್ನು ಅದರ ಮೈಯೇ ತಾಳಬೇಕಾಗುತ್ತದೆ. ಕಿವಿರಿಗೆ ಕೊಕ್ಕೆ ಹಾಕಿ ನೇತುಹಾಕಿದರೆ ಇಡೀ ಭಾರ ಒಂದೇ ಜಾಗದಲ್ಲಿ ಜಗ್ಗುತ್ತದೆ. ಮತ್ತೆ ನೀರಿಗೆ ಬಿಡುವ ಮೀನಿಗೆ ಹಾಗೆ ಮಾಡುವುದು ಕ್ರೌರ್ಯ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಜೋಲಿ ಮೀನಿಗಿಂತ ಉದ್ದ ಇರಬೇಕು, ಬಾಲ ಮಡಚಬಾರದು. ದೊಡ್ಡ ಗೆಂಡೆ ಸಿಗುವ ಕಡೆ 110ರಿಂದ 120 ಸೆಂಟಿಮೀಟರ್ ಉದ್ದದ್ದು ಒಳ್ಳೆಯದು. ಎರಡೂ ಅಂಚಿಗೆ ಗಟ್ಟಿ ಕಡ್ಡಿ ಇರಲಿ. ಕಡ್ಡಿ ಇಲ್ಲದಿದ್ದರೆ ನಡುವೆ ಕುಸಿದು ಮೀನು ಬಿಲ್ಲಿನ ಹಾಗೆ ಬಾಗುತ್ತದೆ. ಎತ್ತುವ ಮುಂಚೆ ಎದೆಯ ಪಕ್ಕದ ರೆಕ್ಕೆಗಳು ಮೈಗೆ ಅಂಟಿಕೊಂಡಿವೆಯಾ ನೋಡಿ. ಹಿಂದುಮುಂದಾಗಿ ಮಡಚಿದ್ದರೆ ಮೀನಿನ ಭಾರಕ್ಕೇ ಮುರಿಯಬಹುದು.

ಸಮಯ ಆಗ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡ್ತೀನಿ. ಬದಿಗೆ ಫೋಮ್ ಇರುವ, ತೇಲುವ ಜೋಲಿ ಸಿಕ್ಕರೆ ಅದನ್ನೇ ಕೊಳ್ಳಿ. ತಕ್ಕಡಿ ಸಿದ್ಧ ಆಗುವವರೆಗೆ ಮೀನು ನೀರಲ್ಲೇ ಇರುತ್ತದೆ. ಹಗ್ಗ ಕಟ್ಟೋದು ಮರೀಬೇಡಿ, ಜಾಸ್ತಿ ಹೊತ್ತು ಇಡಬೇಡಿ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ. ಎರಡೂ ತುದಿಯ ಜಿಪ್ ಹಾಕಿ, ನೆಲದ ಮೇಲೆ ಮೆತ್ತನೆ ಹಾಸು ಇರಲಿ, ಮೊಣಕಾಲೂರಿ ಕೂತು ತಗ್ಗಿನಲ್ಲೇ ತೂಗಿ. ಒಂದು ಕೆರೆಯ ಜೋಲಿಯನ್ನು ತೊಳೆದು, ಸೋಂಕು ತೆಗೆದು, ಪೂರ್ತಿ ಒಣಗಿಸದೆ ಇನ್ನೊಂದು ಕೆರೆಗೆ ಒಯ್ಯಬೇಡಿ. ಗೆಂಡೆಗಳನ್ನು ರಾಶಿ ರಾಶಿಯಾಗಿ ಕೊಲ್ಲುವ ಕೋಯಿ ಹರ್ಪಿಸ್ ವೈರಸ್ ಒದ್ದೆ ಸಾಮಾನಿನ ಜೊತೆಗೂ ಹರಡಬಲ್ಲದು.

[ದೃಶ್ಯ: ನೀರಿಗಿಳಿದ ಜೋಲಿ, ಬಾಯಿ ತೆರೆದಿದೆ]

ತೂಗಿ ಆಯ್ತಾ? ಅದೇ ಜೋಲಿಯಲ್ಲೇ ನೀರಿಗೆ ಇಳಿಸಿ, ದಡದಿಂದ ಎಸೆಯಬೇಡಿ. ಜಿಪ್ ತೆಗೆದು ಮೀನನ್ನು ನೆಟ್ಟಗೆ ಹಿಡಿದುಕೊಳ್ಳಿ. ಕಿವಿರು ಒಂದೇ ಸಮ ಆಡಲಿ. ನೂಕಬೇಡಿ, ಸುಮ್ನೆ ಕಾಯಿರಿ. ಬಾಲ ಒಮ್ಮೆ ಜೋರಾಗಿ ಬೀಸಿತು ಅಂದರೆ ಕೈ ಬಿಡಿ.