ಯಜಮಾನ್ರ ಚಾರ್ಟ್ ಎಲ್ಲಿ ಸ್ವಾಮಿ?

ನಮಸ್ಕಾರ, ಬನ್ನಿ, ಕೂತ್ಕೊಳ್ಳಿ. ಇವತ್ತು ಮಾತಾಡಬೇಕು ಅಂದ್ಕೊಂಡಿದ್ದು ಮಳೆಗಾಲದ ಕೆಮ್ಮಿನ ಬಗ್ಗೆ. ಕೆಮ್ಮು ಎಲ್ಲೂ ಹೋಗಲ್ಲ ಬಿಡಿ, ಮುಂದಿನ ವಾರನೂ ಇರುತ್ತೆ. ನಿನ್ನೆ ರಾತ್ರಿ ಕಾಮೆಂಟ್ ಓದ್ತಾ ಕೂತಿದ್ದೆ, ಒಂದನ್ನ ನೋಡಿ ತಲೆ ಕೆಟ್ಟೋಯ್ತು. ಓದ್ತೀನಿ, ಕೇಳಿ.

"ಮೇಡಂ, ಇಮ್ಯೂನ್ ಪ್ರಾಬ್ಲಮ್‌ನಿಂದ ನನ್ನ ವೈಫ್‌ಗೆ ಮಗು ನಿಲ್ತಿಲ್ಲ ಅಂದಿದಾರೆ. ಆಂಟಿ ಇನ್‌ಫ್ಲಮೇಟರಿ ಡಯಟ್ ಚಾರ್ಟ್ ಕೊಟ್ಟಿದಾರೆ. ಅವಳು ಸರಿಯಾಗಿ ಫಾಲೋ ಮಾಡಲ್ಲ, ಕದ್ದು ಮೊಸರನ್ನ ತಿಂತಾಳೆ. ನೀವು ಸ್ವಲ್ಪ ಬುದ್ಧಿ ಹೇಳಿ."

ಕದ್ದು ಮೊಸರನ್ನ! ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು ತನ್ನ ಮನೆ ಅಡುಗೆಮನೇಲಿ ಲೈಟ್ ಹಾಕದೆ ನಿಂತ್ಕೊಂಡು ಮೊಸರನ್ನ ತಿನ್ನೋ ಕಾಲ ಬಂತು. ಉರಿಯೂತ ಇಳಿಸುತ್ತೆ ಅನ್ನೋ ಆ ಚಾರ್ಟ್‌ನ ಫೋಟೋನೂ ಕಳಿಸಿದಾರೆ ಪುಣ್ಯಾತ್ಮರು. ಹಾಲು ಬೇಡ, ಮೊಸರು ಬೇಡ, ಗೋಧಿ ಬೇಡ, ಟೊಮ್ಯಾಟೊ ಬೇಡ, ಬದನೆಕಾಯಿ ಬೇಡ. ಬೇಕಾಗಿರೋದು ಸಾಲ್ಮನ್, ಬ್ಲೂಬೆರ್ರಿ, ಕಿನ್ವಾ, ಅವಕಾಡೊ. ಕೊನೇಲಿ ಅರಿಶಿನದ ಹಾಲು, ಬಾದಾಮಿ ಹಾಲಿನಲ್ಲಿ. ಚಾರ್ಟ್‌ನ ಮೇಲೆ ಯಾರ ಹೆಸರಿದೆ? ಹೆಂಡತಿ ಹೆಸರು. ಕೆಳಗೆ? ಇನ್ನೇನೂ ಇಲ್ಲ. ನಾನು ಅವರಿಗೆ ಒಂದೇ ಸಾಲು ಉತ್ತರ ಹಾಕಿದೆ: ಸ್ವಾಮಿ, ನಿಮ್ಮ ಚಾರ್ಟ್ ಎಲ್ಲಿ?

ಅದಕ್ಕೆ ಅವರು ನಗೋ ಮುಖದ ಇಮೋಜಿ ಹಾಕಿದರು. ನಾನೇನು ಜೋಕ್ ಮಾಡಿದ್ನಾ?

ಈಗ ವಿಷಯಕ್ಕೆ ಬರ್ತೀನಿ, ಇಲ್ಲಾಂದ್ರೆ ನಮ್ಮ ಎಡಿಟರ್ ಹುಡುಗ ಗಾಜಿನ ಆ ಕಡೆಯಿಂದ ಕೈ ಆಡಿಸ್ತಾನೆ. ಇಮ್ಯೂನ್, ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆಯ ತೊಂದರೆ, ಅಂದ ತಕ್ಷಣ ಎಲ್ಲಾ ಒಂದೇ ಬುಟ್ಟಿಗೆ ಹಾಕಬೇಡಿ. ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಅಂತ ಒಂದಿದೆ. ರಕ್ತ ಹೆಪ್ಪುಗಟ್ಟಿಸೋ ಆಂಟಿಬಾಡಿಗಳು, ಅದರಿಂದ ಮತ್ತೆ ಮತ್ತೆ ಗರ್ಭಪಾತ. ಒಂದು ಸಲ ಪರೀಕ್ಷೆ ಮಾಡಿ ಹಣೆಪಟ್ಟಿ ಕಟ್ಟೋ ಹಾಗಿಲ್ಲ, 12 ವಾರ ಬಿಟ್ಟು ಮತ್ತೆ ಮಾಡಬೇಕು. ಖಚಿತ ಆದ್ರೆ ಕಡಿಮೆ ಡೋಸಿನ ಆಸ್ಪಿರಿನ್, ಜೊತೆಗೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಹೆಪಾರಿನ್ ಚುಚ್ಚುಮದ್ದು. ಅರಿಶಿನ ಅಲ್ಲ! ಅರಿಶಿನ ನಂಬ್ಕೊಂಡು ಹೆಪಾರಿನ್ ಬಿಟ್ಟವರು ಯಾರಾದ್ರೂ ಕೇಳ್ತಾ ಇದ್ರೆ, ವಿಡಿಯೋ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ನಾನು ಎಲ್ಲಿಗೂ ಹೋಗಲ್ಲ.

ಇನ್ನೊಂದು ಸೀಲಿಯಾಕ್ ಕಾಯಿಲೆ, ಗೋಧಿಯಲ್ಲಿರೋ ಗ್ಲೂಟೆನ್ ಹೊಟ್ಟೆಗೆ ಹೋದ್ರೆ ದೇಹ ತನ್ನ ಕರುಳಿನ ಮೇಲೇ ದಾಳಿ ಮಾಡೋದು. ಇದರಲ್ಲಿ ಗೋಧಿ ಬಿಡೋದೇ ಔಷಧಿ, ಒಪ್ಪಿದೆ. ಆದ್ರೆ ಗೋಧಿ ತಿಂತಾ ಇರುವಾಗಲೇ ರಕ್ತ ಪರೀಕ್ಷೆ ಆಗಬೇಕು. ಚಾರ್ಟ್ ನೋಡಿ ತಿಂಗಳುಗಟ್ಟಲೆ ಚಪಾತಿ ಬಿಟ್ಟು ಆಮೇಲೆ ಲ್ಯಾಬಿಗೆ ಹೋದ್ರೆ, ಕಾಯಿಲೆ ಇದ್ರೂ ರಿಪೋರ್ಟ್‌ನಲ್ಲಿ ಕಾಣದೇ ಇರಬಹುದು. ಇದನ್ನ ಚಾರ್ಟ್‌ನಲ್ಲಿ ಬರೆದಿದ್ರಾ? ಬ್ಲೂಬೆರ್ರಿ ಬರೆಯೋಕೆ ಜಾಗ ಸಾಕಾಗಿಲ್ಲ ಪಾಪ.

ಆಮೇಲೆ ಈ ಎನ್‌ಕೆ ಸೆಲ್, ಅದೇ ರಕ್ಷಣಾ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣ. ಕೈಯಿಂದ ರಕ್ತ ತೆಗೆದು, ಎನ್‌ಕೆ ಸೆಲ್ ಜಾಸ್ತಿ ಇದೆ, ಅವು ಭ್ರೂಣದ ಮೇಲೆ ದಾಳಿ ಮಾಡ್ತಿವೆ ಅಂತ ಹೆದರಿಸೋದು. ಕೈ ರಕ್ತದ ಎನ್‌ಕೆ ಸೆಲ್ ಬೇರೆ, ಗರ್ಭಕೋಶದಲ್ಲಿರೋದರ ಸ್ವಭಾವವೇ ಬೇರೆ. ಯುರೋಪಿನ ಸಂತಾನ ತಜ್ಞರ ಸಂಘಟನೆ ಎಶ್ರೆ 2023ರಲ್ಲೇ ಈ ರಕ್ತ ಪರೀಕ್ಷೆ ಮಾಮೂಲಿಯಾಗಿ ಮಾಡಿಸೋದು ಬೇಡ ಅಂದಿದೆ. ಇಂಥ ನಂಬರ್ ಇಳಿಸೋಕಾ ಈ ಹೆಣ್ಣುಮಗಳು ಮೊಸರು ಬಿಡಬೇಕಾಗಿರೋದು?

ಸರಿ, ಹೆಂಡತಿ ಕಡೆ ಆಯ್ತು. ಈಗ ಯಜಮಾನರು. ಗಂಡಸರಿಗೂ ಇಮ್ಯೂನ್ ತೊಂದರೆ ಇರುತ್ತೆ ರೀ! ವೀರ್ಯಾಣುವಿನ ಮೇಲೇ ದೇಹ ಆಂಟಿಬಾಡಿ ತಯಾರು ಮಾಡುತ್ತೆ. ಸಾಮಾನ್ಯವಾಗಿ ವೃಷಣದ ಸುತ್ತ ಒಂದು ತಡೆ ಇರುತ್ತೆ, ವೀರ್ಯಾಣು ರಕ್ತಕ್ಕೆ ಸಿಗಲ್ಲ. ಪೆಟ್ಟು ಬಿದ್ರೆ, ಆಪರೇಷನ್ ಆದ್ರೆ, ಸೋಂಕಾದ್ರೆ ಆ ತಡೆ ಮುರಿಯಬಹುದು. ದೇಹ ಅದನ್ನ ಪರಕೀಯ ಅಂದ್ಕೊಂಡು ಹೊಡೆಯೋಕೆ ಹೋಗುತ್ತೆ, ವೀರ್ಯಾಣು ಒಂದಕ್ಕೊಂದು ಅಂಟ್ಕೊಂಡು ಕೂತ್ಬಿಡುತ್ತೆ. ಇದು ಇಮ್ಯೂನ್ ಬಂಜೆತನ ಅಲ್ವಾ? ಇದಕ್ಕೆ ಚಾರ್ಟ್ ಎಲ್ಲಿ?

ಉರಿಯೂತನೂ ಅಷ್ಟೇ. ಸಿಗರೇಟು, ಗುಟ್ಕಾ, ಬೊಜ್ಜು, ಎಲ್ಲಾ ಸೇರಿ ವೀರ್ಯಾಣುವಿನ ಡಿಎನ್‌ಎಗೇ ಏಟು ಕೊಡುತ್ತೆ. ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರಲ್ಲ, ಗಂಡು ಹಾರ್ಮೋನನ್ನ ಹೆಣ್ಣು ಹಾರ್ಮೋನ್ ಮಾಡ್ತಿರುತ್ತೆ. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತೆ. ಅರ್ಧ! ಹಂಗಾದ್ರೆ ಅರ್ಧ ಚಾರ್ಟ್ ಆದ್ರೂ ಯಜಮಾನರ ಹೆಸರಿನಲ್ಲಿ ಇರಬೇಕಿತ್ತಲ್ಲ?

ಇನ್ನೂ ಒಂದು ಕೇಳಿ. ಹೆಣ್ಣಿನ ಅಂಡಾಣುಗಳು ಅವಳು ತಾಯಿ ಹೊಟ್ಟೇಲಿ ಇರುವಾಗಲೇ ಬಂದಿರುತ್ತವೆ. ಗಂಡಿನ ವೀರ್ಯಾಣು? ಒಂದು ತಯಾರಾಗೋಕೆ ಸುಮಾರು 74 ದಿನ. ಅಂದ್ರೆ ಇವತ್ತು ಊಟ ಸರಿ ಮಾಡ್ಕೊಂಡ್ರೆ ಮೂರು ತಿಂಗಳಲ್ಲಿ ಬರೋದು ಪೂರಾ ಹೊಸ ಸರಕು. ಊಟ ಬದಲಿಸಿದ್ರೆ ಬೇಗ ಫಲ ಕಾಣೋ ಗಿರಾಕಿ ಮನೇಲೇ ಇದ್ದಾನೆ, ವಿವಿ ಪುರಂ ಫುಡ್ ಸ್ಟ್ರೀಟ್‌ನಲ್ಲಿ ನಿಂತ್ಕೊಂಡು ಹೆಂಡತಿಗೆ ಫೋನ್ ಮಾಡ್ತಿದ್ದಾನೆ, "ಏನೇ, ಇವತ್ತು ಮೊಸರು ತಿಂದ್ಯಾ?"

ಸ್ಪೇನ್‌ನಲ್ಲಿ ಒಂದು ಪ್ರಯೋಗ ಆಯ್ತು, 2018ರಲ್ಲಿ ಹೊರಗೆ ಬಂತು. ಹುಡುಗರಿಗೆ ದಿನಾ ಒಟ್ಟು 60 ಗ್ರಾಂ ಬಾದಾಮಿ, ಆಕ್ರೋಟು, ಹೇಜಲ್‌ನಟ್ಟು, 14 ವಾರ. ವೀರ್ಯಾಣುವಿನ ಸಂಖ್ಯೆ, ಚಲನೆ ಎರಡೂ ಸುಧಾರಿಸ್ತು. ಕಡಲೆಕಾಯಿ ಸೇರಿಸಿರಲಿಲ್ಲ. ಸೇರಿಸಿದ್ದಿದ್ರೆ ಬಸವನಗುಡಿ ಪರಿಷೆಗೆ ಕಾಲಿಡೋಕೆ ಜಾಗ ಇರ್ತಿರಲಿಲ್ಲ, ಈಗಲೂ ಇಲ್ಲ ಅನ್ನಿ. ಆಗ್ಲೇ ಒಬ್ಬರು ಟೈಪ್ ಮಾಡ್ತಿರ್ತಾರೆ: "ಮೇಡಂ, ಅವರೆಲ್ಲ ಆರೋಗ್ಯವಂತ ಹುಡುಗರು, ಮಗು ಆಯ್ತಾ ಅಂತ ನೋಡಿಲ್ಲ." ಹೌದಪ್ಪಾ ಜಾಣ, ನೋಡಿಲ್ಲ. ಸಾಲ್ಮನ್ ತಿಂದು ಎನ್‌ಕೆ ಸೆಲ್ ಇಳಿದು ಮಗು ಆಯ್ತು ಅಂತ ಯಾರು ನೋಡಿದಾರೆ? ಹೆಂಡತಿ ಚಾರ್ಟ್‌ಗೆ ಇಷ್ಟು ಪುರಾವೆ ಕೇಳಿದ್ರಾ?

ಮಾತ್ರೆ ನುಂಗ್ತೀನಿ ಅಂತೀರಾ? ಅಮೆರಿಕದಲ್ಲಿ 2,370 ಜೋಡಿಗಳಲ್ಲಿ ಗಂಡಸರಿಗೆ ಆರು ತಿಂಗಳು ಜಿಂಕ್, ಫೋಲಿಕ್ ಆ್ಯಸಿಡ್ ಕೊಟ್ಟು ನೋಡಿದ್ರು. 2020ರಲ್ಲಿ ಫಲಿತಾಂಶ ಬಂತು: ಹುಟ್ಟೋ ಮಕ್ಕಳ ಪ್ರಮಾಣ ಏನೂ ಹೆಚ್ಚಲಿಲ್ಲ. ಡಬ್ಬಿ ತಗೊಂಡು ತಪ್ಪಿಸ್ಕೊಳ್ಳೋಕಾಗಲ್ಲ. ತಟ್ಟೆ ಮುಂದೆ ಕೂತ್ಕೊಳ್ಳಿ.

ತಟ್ಟೆಗೆ ಏನು ಹಾಕಬೇಕು ಅಂತ ಕೇಳ್ತೀರಾ? ಅದಕ್ಕೆ ಏರ್‌ಪೋರ್ಟ್ ದಾಟಿ ಏನೂ ಬರಬೇಕಾಗಿಲ್ಲ. ಸೊಪ್ಪಿನ ಬಸ್ಸಾರು, ಮುದ್ದೆ, ಹುರುಳಿಕಾಳು, ಹುಚ್ಚೆಳ್ಳು ಪುಡಿ. ಮೀನು ತಿನ್ನೋರಿಗೆ ಬಂಗುಡೆ, ಬೂತಾಯಿ ಇದೆ, ಒಮೆಗಾ-3 ಅದರಲ್ಲಿ ಧಾರಾಳ. ಬ್ಲೂಬೆರ್ರಿ ಬದಲು ಕಾಲಕ್ಕೆ ನೇರಳೆ ಹಣ್ಣು. ಕಡಿಮೆ ಮಾಡಬೇಕಾಗಿರೋದು ವನಸ್ಪತಿ, ಬೇಕರಿ ಪಫ್ಸು, ಕರಿದ ಎಣ್ಣೇಲೇ ಮತ್ತೆ ಕರಿದಿದ್ದು. ಅಂದಹಾಗೆ ನನ್ನ ತಂಗಿ ಮಾಡೋ ಅಗಸೆಬೀಜದ ಚಟ್ನಿಪುಡಿ ಲಿಂಕ್ ಕೆಳಗಿದೆ, ಜಯನಗರದ ಒಳಗೆ ಡೆಲಿವರಿ ಫ್ರೀ. ತಗೊಂಡ್ರೆ ತಗೊಳ್ಳಿ, ಬಿಟ್ರೆ ಬಿಡಿ, ಆದ್ರೆ ಇಬ್ಬರ ಎಲೆಗೂ ಬಡಿಸಿ!

"ಮಗು ಬೆಳೆಯೋದು ಅವಳ ಹೊಟ್ಟೇಲಿ ತಾನೆ?" ಬಂತು ನೋಡಿ. ಇದು ಪ್ರತಿ ಎಪಿಸೋಡಿಗೂ ಬರುತ್ತೆ. ಬೆಳೆಯೋದು ಆಮೇಲೆ ಸ್ವಾಮಿ, ಮೊದಲು ಆಗಬೇಕಲ್ಲ? "ನಮ್ಮ ವಂಶದಲ್ಲಿ ಯಾರಿಗೂ ಆ ತೊಂದರೆ ಇಲ್ಲ" ಅಂತ ಅತ್ತೆಮ್ಮ. ನಿಮ್ಮ ವಂಶದಲ್ಲಿ ಯಾರು ಪರೀಕ್ಷೆ ಮಾಡಿಸಿದಾರಮ್ಮಾ? ಅರಳಿ ಮರ ಸುತ್ತಿ ಹೊಟ್ಟೆ ಮುಟ್ಟಿ ನೋಡ್ಕೊಂಡಳು ಅಂತ ಗಾದೆ ಬೇರೆ ಹೇಳ್ತೀರಿ. ಸುತ್ತೋಳೂ ಅವಳೇ, ನಗಿಸ್ಕೊಳ್ಳೋಳೂ ಅವಳೇ. ಘಾಟಿ ಸುಬ್ರಹ್ಮಣ್ಯಕ್ಕೆ ಹೋದ್ರೂ ಹರಕೆ ಅವಳದ್ದು, ಉಪವಾಸ ಅವಳದ್ದು, ಇವರು ಪಾರ್ಕಿಂಗ್ ಹುಡುಕ್ತಿರ್ತಾರೆ. ಗರ್ಭನಾಳ ತೆರೆದಿದೆಯಾ ಅಂತ ನೋಡೋಕೆ ಎಕ್ಸ್‌ರೇ ಟೇಬಲ್ ಮೇಲೆ ಮಲಗಿ ಡೈ ಹಾಕಿಸ್ಕೊಂಡು ಬಂದಿರ್ತಾಳೆ ಅವಳು. ಇವರು ವೀರ್ಯ ಪರೀಕ್ಷೆಗೆ ಮಾಡಬೇಕಾಗಿದ್ದು ಎರಡರಿಂದ ಏಳು ದಿನ ಸಂಯಮ, ಒಂದು ಪುಟ್ಟ ಡಬ್ಬಿ. ಅದಕ್ಕೆ ಮುಜುಗರ! ಮುಜುಗರ ಅಂತೆ!

ಏನೋ? ಹಾಂ, ಟೈಮ್ ಆಯ್ತಂತೆ. ಆಗ್ಲಿ. ನಾನಿನ್ನೂ ಮುಗಿಸಿಲ್ಲ. ಯಜಮಾನ್ರ ಚಾರ್ಟ್ ಎಲ್ಲಿ? ಫ್ರಿಡ್ಜ್ ಮೇಲೆ ಅವಳದ್ದು ಅಂಟಿಸಿದೀರಲ್ಲ, ಪಕ್ಕದಲ್ಲಿ ಜಾಗ ಇಲ್ವಾ? ಮ್ಯಾಗ್ನೆಟ್ ಇಲ್ವಾ? ನಮ್ಮ ಚಾನೆಲ್ ಮ್ಯಾಗ್ನೆಟ್ಟೇ ಇದೆ, ಮೆಂಬರ್ ಆದೋರಿಗೆ ಪುಕ್ಕಟೆ ಕಳಿಸ್ತೀವಿ. ಇಲ್ಲ, ನಿಜವಾಗ್ಲೂ ಕಳಿಸ್ತೀವಿ, ಹೋದ ಸಲ ಪೋಸ್ಟ್ ತಡ ಆಗಿದ್ದಕ್ಕೆ ನನ್ನ ಬೈಯಬೇಡಿ.

ಆ ಹೆಣ್ಣುಮಗಳು ಇದನ್ನ ಕೇಳ್ತಾ ಇದ್ರೆ, ತಾಯಿ, ಮೊಸರು ತಿಂದ್ರೆ ಗರ್ಭ ನಿಲ್ಲಲ್ಲ ಅಂತ ಯಾವ ಡಾಕ್ಟರೂ ನಿಮಗೆ ಕಾಗದದ ಮೇಲೆ ತೋರಿಸಿಲ್ಲ ಅಂದ್ರೆ, ಲೈಟ್ ಹಾಕ್ಕೊಂಡು ತಿನ್ನಿ. ಒಗ್ಗರಣೆ ಹಾಕಿ ತಿನ್ನಿ. ಮಾತ್ರೆ, ಚುಚ್ಚುಮದ್ದು ಮಾತ್ರ ಡಾಕ್ಟರನ್ನ ಕೇಳದೆ ಬಿಡಬೇಡಿ. ಯಜಮಾನ್ರೇ, ನೀವು ನಾಳೆ ಬೆಳಿಗ್ಗೆ ಲ್ಯಾಬಿಗೆ. ರಜಾ ಸಿಗಲ್ಲ ಅನ್ನಬೇಡಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ಅಂತ ಆಫೀಸಿಗೆ ಒಂದು ಮೆಸೇಜ್ ಹಾಕಿ, ಯಾರೂ ಪ್ರಶ್ನೆ ಕೇಳಲ್ಲ.

ಮುಂದಿನ ವಾರ ಕೆಮ್ಮು. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.