ಹಳೆಯ ಸ್ಪೀಕರಿನಲ್ಲಿ ಮೊದಲು ಸವೆಯುವುದು ಯಾವುದು? ಐವತ್ತು ವರ್ಷದ ಅಡ್ವೆಂಟ್ ಜೋಡಿಯ ರಿಪೇರಿ

[ದೃಶ್ಯ: ಎಡಗಡೆಯ ಸ್ಪೀಕರಿನ ವೂಫರ್ (ತಗ್ಗಿನ ಸ್ವರಗಳನ್ನು ನುಡಿಸುವ ಘಟಕ), ತೀರ ಹತ್ತಿರದಿಂದ. ಬೆರಳು ಅಂಚನ್ನು ಮುಟ್ಟುತ್ತದೆ, ಕಪ್ಪು ಪುಡಿ ಉದುರುತ್ತದೆ.]

ನಮಸ್ಕಾರ. ನನ್ನ ಬೆರಳಿಗೆ ಹತ್ತಿರುವ ಈ ಕಪ್ಪು ಪುಡಿಯನ್ನು ಒಮ್ಮೆ ನೋಡಿ. ಹುರಿದ ರಾಗಿ ಹಿಟ್ಟಿನಷ್ಟು ನುಣುಪಾಗಿರುವ ಇದು ಒಂದು ಕಾಲಕ್ಕೆ ಮೆತ್ತನೆಯ ಫೋಮ್ ಆಗಿತ್ತು. ಅದುರಿ ಸದ್ದು ಹೊರಡಿಸುವ ಕಾಗದದ ಕೋನಿಗೂ ಅದನ್ನು ಹಿಡಿದಿಡುವ ಚೌಕಟ್ಟಿಗೂ ನಡುವೆ ಬಳೆಯಂತೆ ಸುತ್ತಲೂ ಅಂಟಿಸಿದ್ದ ಪಟ್ಟಿ ಇದು. ಐವತ್ತು ವರ್ಷಗಳಲ್ಲಿ ಈ ಸ್ಪೀಕರಿನ ಅಯಸ್ಕಾಂತಕ್ಕೆ ಏನೂ ಆಗಿಲ್ಲ, ಕೋನ್ ಹರಿದಿಲ್ಲ, ಪೆಟ್ಟಿಗೆಯ ಮೂಲೆಗಳು ಬಿಟ್ಟಿಲ್ಲ, ವಾಲ್‌ನಟ್ ಮರದ ಹೊದಿಕೆಯೂ ಒಂದೆರಡು ಗೀರುಗಳನ್ನು ಬಿಟ್ಟರೆ ಚೆನ್ನಾಗಿಯೇ ಇದೆ. ಹೋಗಿರುವುದು ಈ ಪಟ್ಟಿಯೊಂದೇ. ಆದರೆ ಇದರ ಜೊತೆಗೆ ಸ್ಪೀಕರಿನ ಮಂದ್ರ ಸ್ಥಾಯಿಯೂ ಹೋಗಿದೆ. ಹಳೆಯ ಸ್ಪೀಕರ್ ಕೊಳ್ಳಬೇಕೆಂದಿರುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ: ಅದರ ಎಲ್ಲ ಭಾಗಗಳಿಗೂ ಒಂದೇ ಸಮನೆ ವಯಸ್ಸಾಗುವುದಿಲ್ಲ. ಯಾವುದು ಸವೆದಿದೆ ಎಂದು ಗುರುತಿಸಿ ಅದನ್ನಷ್ಟೇ ಸರಿಪಡಿಸಿ, ಉಳಿದದ್ದಕ್ಕೆ ಕೈ ಹಚ್ಚದಿದ್ದರೆ, ಇಂದಿಗೂ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಒಳ್ಳೆಯ ನಾದ ಬೇರೆಲ್ಲೂ ಸಿಗುವುದಿಲ್ಲ ಎಂಬುದು ನನ್ನ ಅನುಭವ.

[ದೃಶ್ಯ: ಎರಡೂ ಸ್ಪೀಕರುಗಳು ಅಕ್ಕಪಕ್ಕದಲ್ಲಿ, ಜಾಲರಿ ತೆಗೆದು.]

ನಾನು ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಮನೆ ಖಾಲಿ ಮಾಡುತ್ತಿದ್ದ ಹಿರಿಯರೊಬ್ಬರು ಈ ಜೋಡಿಯನ್ನು 60 ಡಾಲರಿಗೆ ಕೊಟ್ಟರು. ಇದರ ಹೆಸರು ಅಡ್ವೆಂಟ್ ಲೌಡ್‌ಸ್ಪೀಕರ್. ಮುಂದೆ ಇದರ ತಮ್ಮನಂತೆ ಚಿಕ್ಕ ಮಾದರಿಯೊಂದು ಬಂದ ಮೇಲೆ ಜನ ಇದನ್ನು ಲಾರ್ಜ್ ಅಡ್ವೆಂಟ್ ಎಂದು ಕರೆಯತೊಡಗಿದರು. ಆ ಕಾಲದ ಕ್ಯಾಟಲಾಗುಗಳು ಇಂಥವನ್ನು ಬುಕ್‌ಶೆಲ್ಫ್ ಸ್ಪೀಕರ್ ಎಂದು ಕರೆದರೂ, ಎರಡಡಿಗಿಂತ ಎತ್ತರವಾಗಿ ಇಪ್ಪತ್ತು ಕಿಲೋ ಆಸುಪಾಸು ತೂಗುವ ಪೆಟ್ಟಿಗೆಯನ್ನು ಪುಸ್ತಕದ ಕಪಾಟಿನಲ್ಲಿ ಇಟ್ಟವರು ಕಡಿಮೆ. ಹೆಚ್ಚಿನ ಮನೆಗಳಲ್ಲಿ ಇವು ನೆಲದ ಮೇಲೇ ನಿಂತವು.

ಇದು ಹುಟ್ಟಿದ ಊರು ಇಲ್ಲಿಗೆ ಹತ್ತಿರದ ಕೇಂಬ್ರಿಜ್. ಮನೆಯ ಸ್ಪೀಕರಿನ ಚರಿತ್ರೆಯಲ್ಲಿ ಆ ಊರಿಗೆ ದೊಡ್ಡ ಸ್ಥಾನವಿದೆ. ಅದಕ್ಕೂ ಮೊದಲು, ತಗ್ಗಿನ ಸ್ವರಗಳು ಗಟ್ಟಿಯಾಗಿ ಕೇಳಬೇಕೆಂದರೆ ಪೆಟ್ಟಿಗೆ ದೊಡ್ಡದಾಗಿರಲೇಬೇಕಿತ್ತು. ಆರ್ಕನ್ಸಾಸ್ ರಾಜ್ಯದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕೆ ತಂದ ಕ್ಲಿಪ್ಶ್‌ಹಾರ್ನ್ ಇದಕ್ಕೆ ಒಳ್ಳೆಯ ಉದಾಹರಣೆ. ಕಹಳೆಯೊಂದನ್ನು ಮಡಿಸಿ ಮಡಿಸಿ ಪೆಟ್ಟಿಗೆಯೊಳಗೆ ಕೂರಿಸಿ, ಕೋಣೆಯ ಮೂಲೆಯ ಎರಡು ಗೋಡೆಗಳನ್ನೇ ಆ ಕಹಳೆಯ ಬಾಯಿಯಾಗಿ ಬಳಸಿಕೊಳ್ಳುವ ಆ ಸ್ಪೀಕರ್ ಅದ್ಭುತವಾದದ್ದು, ಇಂದಿಗೂ ತಯಾರಾಗುತ್ತಿದೆ. ಆದರೆ ಅದನ್ನು ಇಡಲು ಎರಡು ಖಾಲಿ ಮೂಲೆಗಳಿರುವ ವಿಶಾಲವಾದ ಕೋಣೆ ಬೇಕು.

1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಧ್ಯಾಪಕರು ಇದಕ್ಕೆ ಬೇರೆಯೇ ದಾರಿ ಕಂಡುಕೊಂಡರು. ಕೋನ್ ಮುಂದಕ್ಕೆ ಹೋಗಿ ಹಿಂದಕ್ಕೆ ಬರಬೇಕಾದರೆ ಅದನ್ನು ಎಳೆದು ತರುವ ಸ್ಪ್ರಿಂಗಿನಂಥದ್ದು ಏನಾದರೂ ಬೇಕು. ಅಲ್ಲಿಯವರೆಗೆ ಆ ಕೆಲಸವನ್ನು ಬಿಗಿಯಾದ ಬಟ್ಟೆಯೋ ಮಡಿಸಿದ ಕಾಗದವೋ ಮಾಡುತ್ತಿತ್ತು. ಕೋನ್ ಹೆಚ್ಚು ದೂರ ಚಲಿಸಿದಷ್ಟೂ ಅವುಗಳ ಎಳೆತದಲ್ಲಿ ಏರುಪೇರಾಗಿ ಸ್ವರ ಕೆಡುತ್ತಿತ್ತು. ವಿಲ್ಚರ್ ಅವರು ಆ ಹಿಡಿತವನ್ನು ತೀರ ಸಡಿಲಗೊಳಿಸಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗಾಗಿ ಮಾಡಿಕೊಂಡರು. ಗಾಳಿ ಒತ್ತಿದಷ್ಟೇ ಒತ್ತುತ್ತದೆ, ಏರುಪೇರು ಬಹಳ ಕಡಿಮೆ. ಅವರೂ ಅವರ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಅವರೂ ಸೇರಿ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿಯನ್ನು ಕಟ್ಟಿದರು. ಚಿಕ್ಕ ಪೆಟ್ಟಿಗೆಯಿಂದ ಆಳವಾದ ಮಂದ್ರ ಹೊರಡಬಹುದೆಂದು ಮನೆಮನೆಗೂ ತಿಳಿಸಿಕೊಟ್ಟದ್ದು ಅವರ ಸ್ಪೀಕರುಗಳು.

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. 1957ರಲ್ಲಿ ಕ್ಲಾಸ್ ಆ ಕಂಪನಿಯಿಂದ ಹೊರಬಂದು ಇನ್ನಿಬ್ಬರೊಡನೆ ಕೆಎಲ್‌ಎಚ್ ಆರಂಭಿಸಿದರು. ಆ ಹೆಸರಿನ ಕೊನೆಯ ಅಕ್ಷರ ಸೂಚಿಸುವ ಆಂಟನ್ ಹಾಫ್‌ಮನ್ ಅವರು ಕಂಡುಕೊಂಡ ಸೂತ್ರವನ್ನು ಇಂದಿಗೂ ಹಾಫ್‌ಮನ್ನರ ಉಕ್ಕಿನ ನಿಯಮ ಎನ್ನುತ್ತಾರೆ. ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಪಡೆಯಬಹುದೇ ಹೊರತು ಮೂರನ್ನೂ ಒಟ್ಟಿಗೆ ಪಡೆಯಲಾಗದು. ಕ್ಲಿಪ್ಶ್‌ಹಾರ್ನ್ ಚಿಕ್ಕ ಪೆಟ್ಟಿಗೆಯನ್ನು ಬಿಟ್ಟುಕೊಟ್ಟಿತು. ಅಡ್ವೆಂಟಿನಂಥವು ಸದ್ದಿನ ಪ್ರಮಾಣವನ್ನು ಬಿಟ್ಟುಕೊಟ್ಟವು. ಒಂದೇ ವಿದ್ಯುತ್ತಿಗೆ ಎರಡು ಸ್ಪೀಕರುಗಳ ಸದ್ದಿನ ನಡುವೆ 15 ಡೆಸಿಬೆಲ್ ಅಂತರವಿದ್ದರೆ, ಅಷ್ಟೇ ಸದ್ದಿಗೆ ಕಡಿಮೆ ಸದ್ದಿನದಕ್ಕೆ ಸುಮಾರು ಮೂವತ್ತು ಪಟ್ಟು ವ್ಯಾಟ್ ಬೇಕಾಗುತ್ತದೆ. ಆದ್ದರಿಂದಲೇ ಇಂಥ ಮುಚ್ಚಿದ ಪೆಟ್ಟಿಗೆಯ ಹಳೆಯ ಸ್ಪೀಕರಿಗೆ ಹತ್ತು ವ್ಯಾಟಿನ ಪುಟ್ಟ ಆಂಪ್ಲಿಫೈಯರ್ ಜೋಡಿಸಿ, ದನಿಯಲ್ಲಿ ಜೀವವಿಲ್ಲವೆಂದು ದೂರುವುದು ಸರಿಯಲ್ಲ. ಐವತ್ತು ಅರವತ್ತು ವ್ಯಾಟ್ ಕೊಡಿ, ಆಮೇಲೆ ತೀರ್ಪು ಹೇಳಿ. ಶಕ್ತಿ ಸಾಲದ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿದಾಗ ಅಲೆಗಳ ತಲೆ ಕತ್ತರಿಸಿಹೋಗಿ ಟ್ವೀಟರ್, ಅಂದರೆ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಘಟಕ, ಸುಡುವ ಅಪಾಯವೂ ಉಂಟು.

ಕ್ಲಾಸ್ 1967ರಲ್ಲಿ ಅಡ್ವೆಂಟ್ ಸ್ಥಾಪಿಸಿದ್ದು ನಿಜವಾಗಿ ದೊಡ್ಡ ಪರದೆಯ ಟೀವಿ ತಯಾರಿಸಲೆಂದು. ಅದಕ್ಕೆ ಹಣ ಹೊಂದಿಸಲು ಈ ಸ್ಪೀಕರ್ ಮಾಡಿದರು. ಆಗ ಅಕೌಸ್ಟಿಕ್ ರಿಸರ್ಚಿನ ಎಆರ್-3ಎ ಒಂದಕ್ಕೆ 250 ಡಾಲರ್ ಇತ್ತು. ಮಂದ್ರದಲ್ಲಿ ಅದಕ್ಕೆ ಸರಿಸಾಟಿಯಾಗಿ ನಿಲ್ಲುವುದನ್ನು ಸುಮಾರು ಅರ್ಧ ಬೆಲೆಗೆ ಕೊಡಬೇಕೆಂಬುದು ಅವರ ಹಟ. ಹಾಗಾಗಿ ಮೂರು ಘಟಕಗಳ ಬದಲು ಎರಡನ್ನೇ ಇಟ್ಟರು, ಒಂದು ವೂಫರ್ ಮತ್ತು ಒಂದು ಟ್ವೀಟರ್. ಬಾಣಲೆಗೆ ಒಡೆದು ಹಾಕಿದ ಮೊಟ್ಟೆಯಂತೆ ಕಾಣುವ ಈ ಟ್ವೀಟರನ್ನು ಅಡ್ವೆಂಟ್ ಪ್ರಿಯರೆಲ್ಲ ಫ್ರೈಡ್ ಎಗ್ ಎಂದೇ ಕರೆಯುತ್ತಾರೆ. ಹಣ ಉಳಿಸಬೇಕಾದ ಕಡೆ ಉಳಿಸಿ, ಮಂದ್ರದಲ್ಲಿ ಮಾತ್ರ ಸ್ವಲ್ಪವೂ ಉಳಿಸದ ಈ ವಿವೇಕವನ್ನು ನಾನು ತುಂಬ ಗೌರವಿಸುತ್ತೇನೆ.

[ದೃಶ್ಯ: ಉದುರಿದ ಫೋಮ್ ಬಿಳಿ ಕಾಗದದ ಮೇಲೆ.]

ಈಗ ಈ ಪುಡಿಯ ವಿಷಯಕ್ಕೆ ಮರಳೋಣ. ಕೋನಿನ ಹಿಡಿತ ಸಡಿಲವಾಗಿರಬೇಕೆಂದರೆ ಅಂಚು ಬಹಳ ಮೆತ್ತಗಿರಬೇಕು, ಗಾಳಿಯನ್ನೂ ಬಿಡಬಾರದು. ಆ ದಿನಗಳಲ್ಲಿ ಇದಕ್ಕೆ ಸುಲಭವಾಗಿ ಒದಗಿದ್ದು ಪಾಲಿಯುರಿಥೇನ್ ಫೋಮ್. ಗಾಳಿಯಲ್ಲಿರುವ ತೇವ ಆ ಫೋಮಿನ ಅಣುಗಳ ಸರಪಳಿಯನ್ನು ಮೆಲ್ಲಮೆಲ್ಲನೆ ಕಡಿಯುತ್ತದೆ. ಮೊದಲು ಜಿಗುಟಾಗಿ, ಆಮೇಲೆ ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಸ್ಪೀಕರನ್ನು ನುಡಿಸಿದರೂ ಅಷ್ಟೇ, ಬಟ್ಟೆ ಹೊದಿಸಿ ಅಟ್ಟದಲ್ಲಿಟ್ಟರೂ ಅಷ್ಟೇ. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಈ ಕೆಲಸ ಬೇಗ ಮುಗಿಯುತ್ತದೆ. ಕೊಲ್ಲಿ ದೇಶಗಳಲ್ಲಿ ದುಡಿದವರು ಎಂಬತ್ತರ ದಶಕದಲ್ಲಿ ತಂದ ಜಪಾನಿನ ಸ್ಟೀರಿಯೋಗಳು ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೂ ಇದ್ದರೆ, ಅವುಗಳ ಜಾಲರಿ ತೆಗೆದು ಅಂಚನ್ನು ನೋಡಿ. ಫೋಮಿನದಾಗಿದ್ದರೆ ಇದೇ ಸ್ಥಿತಿ ಇರುವ ಸಂಭವ ಹೆಚ್ಚು. ರಬ್ಬರಿನ ಅಥವಾ ಬಟ್ಟೆಯ ಅಂಚಾದರೆ ಇನ್ನೂ ಚೆನ್ನಾಗಿರಬಹುದು. ಕೇವಲ ಅಂಚು ಹೋಗಿದೆಯೆಂದು ಅವನ್ನು ಗುಜರಿಗೆ ಹಾಕಬೇಡಿ.

ಕೊಳ್ಳುವ ಮುನ್ನ ನಾನು ಮೊದಲು ಮಾಡುವುದು, ಐದು ಬೆರಳುಗಳನ್ನು ಕೋನಿನ ಸುತ್ತ ಸಮನಾಗಿ ಇರಿಸಿ ಮೆತ್ತಗೆ ಒಳಕ್ಕೆ ಒತ್ತುವುದು. ಕರಕರ ಎಂದು ಉಜ್ಜುವ ಸದ್ದು ಬಂದರೆ ಒಳಗೆ ಕೋನನ್ನು ಆಡಿಸುವ ತಂತಿಯ ಸುರುಳಿ ಓರೆಯಾಗಿದೆ ಅಥವಾ ಸುಟ್ಟಿದೆ ಎಂದರ್ಥ, ಅಂಥದ್ದನ್ನು ಬಿಡುವುದು ಲೇಸು. ಅಂಚು ಚೆನ್ನಾಗಿರುವ ಮುಚ್ಚಿದ ಪೆಟ್ಟಿಗೆಯಾದರೆ, ಒಂದೆರಡು ಸೆಕೆಂಡು ಒತ್ತಿ ಹಿಡಿದು ಬಿಟ್ಟಾಗ ಕೋನ್ ಮೆಲ್ಲಗೆ ಮರಳಬೇಕು. ಟ್ವೀಟರನ್ನು ಮಾತ್ರ ಮುಟ್ಟಲೇಬಾರದು. ಉಳಿದಂತೆ, ಹಿಂಬದಿಯ ಸ್ವಿಚ್ಚನ್ನು ತಿರುಗಿಸಿದಾಗ ದನಿ ತುಂಡುತುಂಡಾದರೆ ಗಾಬರಿಯಾಗಬೇಕಿಲ್ಲ. ಅದು ಕಿಲುಬು ಹಿಡಿದದ್ದು, ತೊಳೆದರೆ ಹೋಗುತ್ತದೆ.

[ದೃಶ್ಯ: ಮೇಜಿನ ಮೇಲೆ ಬಲಗಡೆಯ ವೂಫರ್, ಹಳೆಯ ಫೋಮ್ ಕೆರೆದು ತೆಗೆಯುತ್ತಿರುವುದು.]

ಇದು ನಾನು ಕಳೆದ ತಿಂಗಳು ಬಲಗಡೆಯ ವೂಫರನ್ನು ಸರಿಪಡಿಸಿದ ಚಿತ್ರೀಕರಣ. ಹಳೆಯ ಫೋಮ್ ಬೆರಳಿನಿಂದಲೇ ಬಂದುಬಿಡುತ್ತದೆ, ತಾಳ್ಮೆ ಬೇಕಾಗುವುದು ಕೆಳಗಿನ ಅಂಟಿಗೆ. ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರೆಸಿ, ಮೊಂಡು ಚಾಕುವಿನಿಂದ ಕೆರೆಯಬೇಕು. ಕೋನ್ ಕಾಗದದ್ದಾದ್ದರಿಂದ ಆಲ್ಕೊಹಾಲ್ ಸುರಿಯಬಾರದು, ಸವರಿದರೆ ಸಾಕು. ಹೊಸ ಅಂಚನ್ನು ಮೊದಲು ಕೋನಿಗೆ ಅಂಟಿಸಿ ಒಣಗಲು ಬಿಟ್ಟು, ಆಮೇಲೆ ಚೌಕಟ್ಟಿಗೆ ಅಂಟಿಸಬೇಕು. ಇಡೀ ಕೆಲಸದ ಪ್ರಾಣವಿರುವುದು ಈ ಎರಡನೆಯ ಹಂತದಲ್ಲಿ, ಏಕೆಂದರೆ ಸುರುಳಿ ಆಡುವ ಸಂದು ಮಿಲಿಮೀಟರಿಗಿಂತಲೂ ಕಿರಿದು. ಅಂಚು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಅಂಟಿದರೂ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತದೆ.

ಮೊದಲ ಸಲ ನನಗೆ ಆದದ್ದು ಅದೇ. ಕಣ್ಣಳತೆಯಲ್ಲಿ ಸರಿಯಾಗಿ ಕೂರಿಸಿದ್ದೇನೆಂದು ನಂಬಿ ಅಂಟು ಒಣಗುವವರೆಗೆ ಹಾಗೆಯೇ ಬಿಟ್ಟೆ. ಮರುದಿನ ಒತ್ತಿದಾಗ ಒಣ ಎಲೆ ಸವರಿದಂಥ ಸದ್ದು ಬಂತು. ಹೊಸ ಅಂಚನ್ನು ಕಿತ್ತು, ಮತ್ತೊಂದು ಜೊತೆ ತರಿಸಬೇಕಾಯಿತು. ಎರಡನೆಯ ಸಲ ಅಂಟು ಹಸಿಯಾಗಿರುವಾಗಲೇ ಫೋನಿನಿಂದ ಆಂಪ್ಲಿಫೈಯರಿನ ಮೂಲಕ 30 ಹರ್ಟ್ಸಿನ ಸ್ವರವನ್ನು ಸಣ್ಣಗೆ ನುಡಿಸಿದೆ. ಕೋನ್ ಸೆಕೆಂಡಿಗೆ ಮೂವತ್ತು ಸಲ ಒಳಕ್ಕೂ ಹೊರಕ್ಕೂ ಅದುರುತ್ತಿತ್ತು. ಉಜ್ಜುವ ಸದ್ದು ಪೂರ್ತಿ ಅಡಗುವ ಜಾಗ ಸಿಗುವವರೆಗೆ ಬೆರಳ ತುದಿಯಿಂದ ಅಂಚನ್ನು ಸರಿಸುತ್ತ ಹೋಗಿ, ಅಲ್ಲಿಯೇ ಒತ್ತಿ ಹಿಡಿದೆ.

ಒಳಗಿನ ಕ್ರಾಸ್‌ಓವರ್, ಅಂದರೆ ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಹಂಚುವ ಸರ್ಕ್ಯೂಟ್, ಸಾಮಾನ್ಯವಾಗಿ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳನ್ನು ಹೊಂದಿರುತ್ತದೆ. ಅವೂ ವಯಸ್ಸಾದಂತೆ ಮೂಲ ಅಳತೆಯಿಂದ ದೂರ ಸರಿಯುತ್ತವೆ, ತಾರಸ್ಥಾಯಿ ಮಂಕಾಗುತ್ತದೆ. ಮೀಟರಿನಿಂದ ಅಳೆದು ನೋಡಿ, ಸರಿದಿದ್ದರೆ ಮೂಲ ಅಳತೆಯ ಹೊಸದನ್ನು ಬೆಸೆಯಿರಿ, ಬೆಂಗಳೂರಿನಲ್ಲಿರುವವರಿಗೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರೋಡ್ ಇದೆ. ಆದರೆ ದುಬಾರಿ ಕೆಪಾಸಿಟರ್ ಹಾಕಿ ದನಿಯನ್ನು ಇನ್ನಷ್ಟು ಉತ್ತಮಗೊಳಿಸುತ್ತೇನೆಂದು ಹೊರಡುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಕೇಳುವುದು ಕ್ಲಾಸ್ ಅವರು ಹದಗೊಳಿಸಿದ ಸ್ಪೀಕರ್ ಆಗಿರುವುದಿಲ್ಲ.

ಇಲ್ಲಿಂದ ಊರಿಗೆ ಒಯ್ಯಬೇಕೆನ್ನುವವರಿಗೆ ಒಂದು ಮಾತು. ಸ್ಪೀಕರಿಗೆ ಗೋಡೆಯ ವಿದ್ಯುತ್ ಬೇಕಿಲ್ಲವಾದ್ದರಿಂದ 120 ವೋಲ್ಟ್, 230 ವೋಲ್ಟ್ ಎಂಬ ತೊಡಕು ಅದಕ್ಕಿಲ್ಲ. ಟ್ರಾನ್ಸ್‌ಫಾರ್ಮರ್ ಬೇಕಾಗುವುದು ಆಂಪ್ಲಿಫೈಯರಿಗೆ ಮಾತ್ರ. ಅಲ್ಲಿ ಇಡುವಾಗ ನೆಲವನ್ನು ಗಮನಿಸಿ. ನನ್ನ ಮನೆಯ ಮರದ ನೆಲ ಮಂದ್ರಕ್ಕೆ ಅದುರುತ್ತದೆ. ಊರಿನ ಕಲ್ಲಿನ ನೆಲ ಅದುರುವುದಿಲ್ಲ, ಬದಲಿಗೆ ತಾರಸ್ಥಾಯಿಯನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ, ಅಲ್ಲಿ ಒಂದು ಜಮಖಾನೆ ಹಾಸಿದರೂ ಬಹಳ ವ್ಯತ್ಯಾಸವಾಗುತ್ತದೆ. ಗೋಡೆಗೂ ಮೂಲೆಗೂ ಹತ್ತಿರವಾದಷ್ಟು ಮಂದ್ರ ಊದಿಕೊಳ್ಳುತ್ತದೆ. ನಾನು ಒಂದಡಿ ಎತ್ತರದ ಮಣೆಯ ಮೇಲಿರಿಸಿ, ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ತಂದ ಮೇಲೆ ಮಾತಿನ ಉಚ್ಚಾರ ಸ್ಪಷ್ಟವಾಯಿತು.

[ದೃಶ್ಯ: ಕೋಣೆ. ಬಲಗಡೆ ಹೊಸ ಅಂಚಿನ ಸ್ಪೀಕರ್, ಎಡಗಡೆ ಹಾಳಾದದ್ದು. ತಂಬೂರಿಯ ಶ್ರುತಿ.]

ಈಗ ಕೇಳಿ, ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಳ್ಳಿ. ಇದು ಪುರುಷ ಶ್ರುತಿಯ ತಂಬೂರಿ. ಷಡ್ಜ ಹಾರ್ಮೋನಿಯಂನ ಸಿ ಮನೆಯಲ್ಲಿದೆ. ಹಾಗಾಗಿ ಕೊನೆಯ ತಂತಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಮೊದಲು ಎಡಗಡೆಯ ಸ್ಪೀಕರಿನಲ್ಲಿ ಮಾತ್ರ ನುಡಿಸುತ್ತೇನೆ. ಅಂಚಿಲ್ಲದ ಕಾರಣ ಕೋನಿನ ಮುಂದಿನ ಗಾಳಿ ಹಿಂದಕ್ಕೆ ನುಸುಳಿ ತಗ್ಗಿನ ಸ್ವರವನ್ನು ಅಳಿಸಿಹಾಕುತ್ತಿದೆ. ತಂತಿ ಮೀಟಿದ ಝೇಂಕಾರವಿದೆ, ಅದರ ಕೆಳಗಿನ ಬುರುಡೆಯ ನಾದವಿಲ್ಲ.

[ಹತ್ತು ಸೆಕೆಂಡು ಎಡಗಡೆ ಮಾತ್ರ. ನಂತರ ಹತ್ತು ಸೆಕೆಂಡು ಬಲಗಡೆ ಮಾತ್ರ.]

ಈ ಬಲಗಡೆಯದರಲ್ಲಿ ನಾಲ್ಕನೆಯ ತಂತಿ ಬಂದಾಗಲೆಲ್ಲ ಬುರುಡೆಯ ಗಾಳಿ ಅಲುಗಿದ್ದು ಕೇಳುತ್ತದೆ. ಹಾಡುವವರ ದನಿಗೂ ಮುನ್ನ ಕಚೇರಿಯ ಕೋಣೆ ತುಂಬಿಕೊಳ್ಳುವುದು ಈ ಸ್ವರದಿಂದ. ಮೃದಂಗದ ಎಡಮುಖದ ಗುಂಕಾರಕ್ಕೂ ಇದೇ ಜಾಗ ಬೇಕು. ಎರಡೂ ಸ್ಪೀಕರ್ ಹೀಗೆ ನುಡಿಯುವುದನ್ನು ನಾನಿನ್ನೂ ಕೇಳಿಲ್ಲ. ಎಡಗಡೆಯದನ್ನು ನಿಮಗೆ ತೋರಿಸಲೆಂದೇ ಇಷ್ಟು ದಿನ ಹಾಗೆಯೇ ಇಟ್ಟಿದ್ದೆ. ಹೊಸ ಅಂಚು, ಅಂಟು, ಹತ್ತಿ, ಎಲ್ಲವೂ ಮೇಜಿನ ಮೇಲಿವೆ; ಈಗ ಇದರ ವೂಫರಿನ ಸ್ಕ್ರೂಗಳನ್ನು ಬಿಚ್ಚುತ್ತೇನೆ.

[ದೃಶ್ಯ: ಸ್ಕ್ರೂಡ್ರೈವರ್, ಮೊದಲ ಸ್ಕ್ರೂ. ತಂಬೂರಿ ಬಲಗಡೆಯ ಸ್ಪೀಕರಿನಲ್ಲಿ ಮುಂದುವರಿಯುತ್ತದೆ.]